30 ದಿನದೊಳಗೆ ಕಣ್ಣಿನ ಪರೀಕ್ಷೆ ಅಂತಾರೆ, ಅಮ್ಮ 40 ಆಗದೆ ಮಗುವನ್ನು ಹೊರಗೆ ಬಿಡಲ್ಲ ಅಂತಾರೆ. ಏನು ಮಾಡೋದು?

ಪಡುಬಿದ್ರಿ ಅಕ್ಕ · ಬುಧವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ತಂಗಿಗೆ ಗಂಡು ಮಗು. 31 ವಾರಕ್ಕೇ ಹೆರಿಗೆ ಆಯಿತು. ಹುಟ್ಟುವಾಗ 1,400 ಗ್ರಾಂ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ ಇಟ್ಟಿದ್ದರು, ಆಕ್ಸಿಜನ್ ಕೂಡ ಕೊಟ್ಟಿದ್ದರು. ಈಗ ನಮ್ಮಲ್ಲಿ, ಅಂದರೆ ತವರಲ್ಲಿ ಉಂಟು. ಹಾಲು ಚೆನ್ನಾಗಿ ಕುಡಿಯುತ್ತದೆ, ತೂಕವೂ ಏರುತ್ತಿದೆ. ಇವತ್ತಿಗೆ 24 ದಿನ.

ಡಿಸ್ಚಾರ್ಜ್ ಹಾಳೆಯ ಕೆಳಗೆ ಪೆನ್ನಿನಲ್ಲಿ "ಆರ್‌ಒಪಿ" ಅಂತ ಗೀಚಿ ಪಕ್ಕದಲ್ಲಿ ಮುಂದಿನ ಸೋಮವಾರದ ತಾರೀಕು ಹಾಕಿದ್ದಾರೆ. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ತಂಗಿಯ ಗಂಡ ಕುವೈತ್‌ನಲ್ಲಿ ಇರುವುದು. ಆಸ್ಪತ್ರೆಯಿಂದ ಅವರ ನಂಬರಿಗೆ ಮೆಸೇಜ್ ಹೋಗಿ, ಅವರು ನನಗೆ ಕಳಿಸಿ, ಆಗ ಗೊತ್ತಾದದ್ದು.

ಈಗ ಮನೆಯಲ್ಲಿ ದೊಡ್ಡ ಚರ್ಚೆ. ಅಮ್ಮನಿಗೆ 40 ಕಳೆಯದೆ ಮಗುವನ್ನು ಹೊಸಿಲು ದಾಟಿಸಲು ಮನಸ್ಸಿಲ್ಲ. ಅದೂ ಈ ಆಟಿ ಮಳೆಯಲ್ಲಿ. "ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೇಗೂ ಹೋಗಬೇಕಲ್ಲ, ಆವತ್ತೇ ಕಣ್ಣೂ ತೋರಿಸಿದರಾಯಿತು" ಅನ್ನುತ್ತಾರೆ. ಮಗು ದೀಪದ ಕಡೆ ನೋಡುತ್ತದೆ, ಕಣ್ಣು ಸ್ವಚ್ಛ ಉಂಟು. ಎರಡು ವಾರ ತಡ ಆದರೆ ತೊಂದರೆಯಾ?

ಸುರತ್ಕಲ್ ಸೀದಾಸಾದಾ · ಬುಧವಾರ, ರಾತ್ರಿ 10.15

ಸುಮ್ನೆ ಹೆದರಿಸುತ್ತಾರೆ ಮಾರಾಯ್ರೆ. ನನ್ನ ಅಣ್ಣನ ಮಗ ಏಳು ತಿಂಗಳಿಗೇ ಹುಟ್ಟಿದವ. ಯಾವ ಕಣ್ಣಿನ ಪರೀಕ್ಷೆಯೂ ಆಗಿರಲಿಲ್ಲ. ಈಗ ಬೈಕಂಪಾಡಿಯಿಂದ ಲಾರಿ ಓಡಿಸುತ್ತಾನೆ, ರಾತ್ರಿ ಹೊತ್ತು ಶಿರಾಡಿ ಘಾಟಿ ಇಳಿಯುತ್ತಾನೆ. ಮಗು ದೀಪ ನೋಡುತ್ತದೆ ಅಂದ ಮೇಲೆ ಕಣ್ಣಿಗೆ ಎಂತ ಆಗಿದೆ? ಬಿಲ್ಲು ಏರಿಸುವ ದಾರಿ ಅಷ್ಟೆ. ಮಳೆ ಕಡಿಮೆಯಾಗಲಿ, ಆಮೇಲೆ ನೋಡಿ.

ರಾತ್ರಿಪಾಳಿ ಸಿಸ್ಟರ್ · ಬುಧವಾರ, ರಾತ್ರಿ 11.40

ಅಕ್ಕ, ಸೋಮವಾರ ಹೋಗಿ. ಮೊದಲು ಅದನ್ನು ನಿರ್ಧಾರ ಮಾಡಿ, ಆಮೇಲೆ ನಾನು ಬರೆದದ್ದು ಓದಿ.

ನಾನು ಎನ್‌ಐಸಿಯುನಲ್ಲಿ ಕೆಲಸ ಮಾಡುವವಳು. ಆರ್‌ಒಪಿ ಅಂದರೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಕಣ್ಣಿನ ಹಿಂದಿನ ಪರದೆಗೆ, ಅಂದರೆ ರೆಟಿನಾಕ್ಕೆ ಬರುವ ತೊಂದರೆ. ರೆಟಿನಾದ ರಕ್ತನಾಳಗಳು ಸುಮಾರು 16ನೇ ವಾರಕ್ಕೆ ಕಣ್ಣಿನ ನರದ ಹತ್ತಿರ ಹುಟ್ಟಿ ಅಂಚಿನ ಕಡೆಗೆ ಬೆಳೆಯುತ್ತಾ ಹೋಗುತ್ತವೆ. ಅಂಚು ಮುಟ್ಟುವಾಗ ಹೆಚ್ಚುಕಡಿಮೆ 40 ವಾರ. 31 ವಾರಕ್ಕೆ ಹುಟ್ಟಿದರೆ, ತೋಟದ ಕೊನೆಯ ಸಾಲಿಗೆ ನೀರಿನ ಪೈಪ್ ತಲುಪುವ ಮೊದಲೇ ಕೆಲಸ ನಿಂತ ಹಾಗೆ. ಹೊರಗಿನ ಗಾಳಿಯಲ್ಲಿ, ಅದರಲ್ಲೂ ನಾವು ಕೊಡುವ ಆಕ್ಸಿಜನ್‌ನಲ್ಲಿ, ಗರ್ಭದಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಆಮ್ಲಜನಕ ಸಿಗುತ್ತದೆ. ಅದಕ್ಕೆ ನಾಳಗಳ ಬೆಳವಣಿಗೆ ಮೊದಲು ನಿಲ್ಲುತ್ತದೆ. ಕೆಲವು ವಾರ ಕಳೆದ ಮೇಲೆ ರಕ್ತ ಸಿಗದ ಅಂಚಿನ ಭಾಗ ಹಸಿದುಕೊಂಡು ಸಂಕೇತ ಕಳಿಸುತ್ತದೆ. ಆಗ ನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತವೆ. ಕೆಟ್ಟ ನಾಳಗಳು ರೆಟಿನಾವನ್ನು ಎಳೆದು ಕಿತ್ತರೆ ಮಗುವಿಗೆ ದೃಷ್ಟಿ ಹೋಯಿತು ಅಂತಲೇ.

ಹುಟ್ಟಿದ ದಿನವೇ ಯಾಕೆ ನೋಡುವುದಿಲ್ಲ ಅಂತ ತುಂಬ ಜನ ಕೇಳುತ್ತಾರೆ. ಆವತ್ತು ನೋಡಿದರೆ ಏನೂ ಕಾಣುವುದಿಲ್ಲ, ತೊಂದರೆ ಶುರುವಾಗುವುದೇ ಆಮೇಲೆ. 45ನೇ ದಿನಕ್ಕೆ ನೋಡಿದರೆ ಕೆಲವು ಮಕ್ಕಳಲ್ಲಿ ಕೈಮೀರಿರುತ್ತದೆ. ಅದಕ್ಕೇ ನಮ್ಮ ದೇಶದ ನಿಯಮ 30 ದಿನ ತುಂಬುವುದರೊಳಗೆ ಮೊದಲ ಪರೀಕ್ಷೆ ಅಂತ ಇರುವುದು. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ.

ದೀಪ ನೋಡುವುದು ಒಳ್ಳೆಯದೇ. ಆದರೆ ಈ ಕಾಯಿಲೆ ಶುರುವಾದಾಗಲೂ ಮಗು ದೀಪ ನೋಡುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ, ಮಗು ಅಳುವುದಿಲ್ಲ. ಹೊರಗಿಂದ ನೋಡಿ ಹೇಳಲು ನನ್ನಿಂದಲೂ ಆಗುವುದಿಲ್ಲ, ಮಕ್ಕಳ ಡಾಕ್ಟರಿಂದಲೂ ಆಗುವುದಿಲ್ಲ. ಪಾಪೆಯಲ್ಲಿ ಬಿಳಿ ಕಂಡಿತು ಅಂತ ಓಡಿ ಬರುವಾಗ ಹೆಚ್ಚಿನ ಸಲ ಕೊನೆಯ ಹಂತ ಆಗಿರುತ್ತದೆ. ಆಗ ಆಪರೇಷನ್ ಮಾಡಿದರೂ ಸಿಗುವ ದೃಷ್ಟಿ ಬಹಳ ಕಡಿಮೆ.

ಸುರತ್ಕಲ್ ಅಣ್ಣ, ನಿಮ್ಮ ಅಣ್ಣನ ಮಗ ಚೆನ್ನಾಗಿರುವುದು ಸಂತೋಷ. ಆರ್‌ಒಪಿ ಬಂದ ಮಕ್ಕಳಲ್ಲೂ ಹೆಚ್ಚಿನವರಿಗೆ ಅದು ತನ್ನಷ್ಟಕ್ಕೇ ಇಳಿದುಹೋಗುತ್ತದೆ, ಚಿಕಿತ್ಸೆ ಬೇಕಾಗುವುದು ಕೆಲವರಿಗೆ. ಆದರೆ ಆ ಕೆಲವರು ಯಾರು ಅಂತ ಪಾಪೆ ಹಿಗ್ಗಿಸಿ ನೋಡದೆ ಗೊತ್ತಾಗುವುದಿಲ್ಲ. ಇನ್ನೊಂದು, ಆಗೆಲ್ಲ ಒಂದು ಕಿಲೋದ ಮಗು ಉಳಿಯುತ್ತಲೇ ಇರಲಿಲ್ಲ. ಈಗ ಉಳಿಯುತ್ತದೆ. ಉಳಿಸಿದ ಮೇಲೆ ಅದರ ಕಣ್ಣನ್ನೂ ನೋಡಬೇಕಲ್ವಾ?

ಕುಂದಾಪ್ರದ ಅಪ್ಪ · ಗುರುವಾರ, ಬೆಳಿಗ್ಗೆ 6.30

ಸಿಸ್ಟರ್ ಹೇಳಿದ್ದಕ್ಕೆ ನಾನು ಸಾಕ್ಷಿ. ನಮ್ಮ ಮಗಳು 29 ವಾರದವಳು. ಈಗ ಅಂಗನವಾಡಿಗೆ ಹೋಗುತ್ತಾಳೆ. ದಪ್ಪ ಕನ್ನಡಕ ಉಂಟು, ಆದರೆ ಕೋಳಿಯ ಹಿಂದೆ ಓಡುವುದಕ್ಕೆ ಏನೂ ಕಡಿಮೆ ಇಲ್ಲ.

ಪರೀಕ್ಷೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಗೊತ್ತಿಲ್ಲದೆ ಹೋದರೆ ಎದೆ ಒಡೆಯುತ್ತದೆ, ನನಗೆ ಹಾಗೇ ಆಗಿತ್ತು. ಮೊದಲು ಪಾಪೆ ಹಿಗ್ಗುವ ಡ್ರಾಪ್ಸ್ ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುತ್ತಾರೆ. ಕಣ್ಣಿನ ಸುತ್ತ ಚರ್ಮ ಬೆಳ್ಳಗಾಗುತ್ತದೆ, ಅದು ಮದ್ದಿನಿಂದ, ಹೆದರಬೇಡಿ. ಪಾಪೆ ಹಿಗ್ಗಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಆಮೇಲೆ ಮಗುವನ್ನು ಬಟ್ಟೆಯಲ್ಲಿ ಕೈ ಕಾಲು ಅಲುಗದ ಹಾಗೆ ಸುತ್ತುತ್ತಾರೆ. ಒಬ್ಬ ಸಿಸ್ಟರ್ ತಲೆ ಹಿಡಿದುಕೊಳ್ಳುತ್ತಾರೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ರೆಪ್ಪೆ ಮುಚ್ಚದ ಹಾಗೆ ಸಣ್ಣ ತಂತಿಯ ಕ್ಲಿಪ್ ಇಡುತ್ತಾರೆ. ಡಾಕ್ಟರ ತಲೆಗೆ ಲೈಟು ಕಟ್ಟಿರುತ್ತದೆ, ಕೈಯಲ್ಲಿ ಒಂದು ಲೆನ್ಸ್. ಇನ್ನೊಂದು ಕೈಯಲ್ಲಿ ಸಣ್ಣ ಕಡ್ಡಿಯಂತಹ ಸಲಕರಣೆಯಿಂದ ಕಣ್ಣುಗುಡ್ಡೆಯನ್ನು ಮೆಲ್ಲ ಒತ್ತಿ ತಿರುಗಿಸಿ ಅಂಚು ನೋಡುತ್ತಾರೆ. ಮಗು ಕೂಗುತ್ತದೆ. ಜೋರಾಗಿಯೇ ಕೂಗುತ್ತದೆ. ಆದರೆ ಕೆಲವೇ ನಿಮಿಷ. ಬಟ್ಟೆ ಬಿಚ್ಚಿ ಅಮ್ಮನ ಕೈಗೆ ಕೊಟ್ಟ ಕೂಡಲೇ ಹಾಲು ಕುಡಿದು ಮಲಗಿತು. ಅತ್ತೆ ಮಾತ್ರ ಡಾಕ್ಟರ ಮುಖವನ್ನೂ ನೋಡಲಿಲ್ಲ ಆವತ್ತು.

ನಮ್ಮವಳಿಗೆ ಎರಡನೇ ಪರೀಕ್ಷೆಯಲ್ಲಿ ಚಿಕಿತ್ಸೆ ಬೇಕು ಅಂದರು. "ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ" ಅನ್ನಲಿಲ್ಲ. 48 ಗಂಟೆಯೊಳಗೆ ಲೇಸರ್ ಆಗಬೇಕು ಅಂದರು, ಆಯಿತು. ಆ ಎರಡು ದಿನ ದುಡ್ಡಿನ ಲೆಕ್ಕ, ಊರಿನ ಮಾತು ಯಾವುದೂ ತಲೆಗೆ ಹೋಗಲಿಲ್ಲ.

ಪಡುಬಿದ್ರಿ ಅಕ್ಕ · ಗುರುವಾರ, ಬೆಳಿಗ್ಗೆ 8.05

ಓದಿ ಕೈ ನಡುಗಿತು. ಅಮ್ಮನಿಗೆ ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. "ಕಡ್ಡಿಯ ವಿಷಯ ತಂಗಿಗೆ ಹೇಳಬೇಡ" ಅಂದರು. ಹೋಗುವ ವಿಷಯದಲ್ಲಿ ಇನ್ನೂ ಹೌದು ಅಂದಿಲ್ಲ.

ಉಳ್ಳಾಲದ ಉಮ್ಮ · ಗುರುವಾರ, ಬೆಳಿಗ್ಗೆ 10.20

ನಮ್ಮಲ್ಲೂ 40 ಗಟ್ಟಿ. ನನ್ನ ಮಗಳ ಅವಳಿ ಮಕ್ಕಳ ಸಮಯದಲ್ಲಿ ಇದೇ ರಾಮಾಯಣ. ನನ್ನ ಅನುಭವದಲ್ಲಿ ಹಿರಿಯರ ಹತ್ತಿರ ವಾದಕ್ಕೆ ಇಳಿದರೆ ಕೆಲಸ ಆಗುವುದಿಲ್ಲ. 40 ಬೇಡ ಅಂತ ಯಾರೂ ಹೇಳುತ್ತಿಲ್ಲವಲ್ಲ. ಮಗುವಿಗೆ ಸೋಂಕು ತಾಗಬಾರದು, ಬಾಣಂತಿಗೆ ವಿಶ್ರಾಂತಿ ಬೇಕು, ಅದಕ್ಕೇ ಮಾಡಿದ್ದು. ಜ್ವರ ಬಂದರೆ 40 ಅಂತ ಮನೆಯಲ್ಲಿ ಇಟ್ಟುಕೊಳ್ಳುತ್ತೇವಾ? ರಾತ್ರಿಯೇ ಓಡುವುದಿಲ್ವಾ? ಇದೂ ಹಾಗೆಯೇ ಅಂತ ಹೇಳಿ.

ನಾವು ಮಾಡಿದ್ದು ಇಷ್ಟೆ. ಹೊರಗಿನ ಆಟೋ ಬೇಡ ಅಂತ ಅಳಿಯನ ತಮ್ಮನ ಕಾರು. ಮಗುವನ್ನು ಮಗಳ ಎದೆಗೇ ಅಪ್ಪಿಸಿ, ಎನ್‌ಐಸಿಯುನಲ್ಲಿ ಕಾಂಗರೂ ಅಂತ ಕಲಿಸಿಕೊಟ್ಟಿದ್ದರಲ್ಲ, ಹಾಗೆಯೇ ಕಟ್ಟಿ, ಮೇಲೆ ಶಾಲು. ತಲೆಗೆ ಟೊಪ್ಪಿ, ಕಾಲಿಗೆ ಸಾಕ್ಸ್. ಎಸಿ ಹಾಕಲಿಲ್ಲ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಓಪಿಡಿ ಸಾಲಿನಲ್ಲಿ ಕೆಮ್ಮುವವರ ಮಧ್ಯೆ ಕೂರಿಸಬೇಡಿ ಅಂತ ಕೇಳಿಕೊಂಡೆವು. ಬೇರೆ ಕೋಣೆ ಕೊಟ್ಟರು. ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋದೆವು, ಅದೇ ಮುಖ್ಯ. ಡಾಕ್ಟರು ಅವರಿಗೇ ವಿವರಿಸಿದರು. ವಾಪಸ್ ಬರುವಾಗ ಮುಂದಿನ ತಾರೀಕು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದರು.

ಬಲ್ಮಠದ ಕಪ್ಪುಕೋಟು · ಗುರುವಾರ, ಮಧ್ಯಾಹ್ನ 1.30

"ಬಿಲ್ಲು ಏರಿಸುವ ದಾರಿ" ಅಂದದ್ದಕ್ಕೆ ಒಂದು ಮಾತು. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ ಅವಧಿಗೆ ಮೊದಲು ಹುಟ್ಟಿದ ಹೆಣ್ಣುಮಗುವಿಗೆ ಈ ಪರೀಕ್ಷೆ ಆಗಲಿಲ್ಲ. ಪರೀಕ್ಷೆ ಬೇಕು ಅಂತ ಅಪ್ಪ ಅಮ್ಮನಿಗೆ ಯಾರೂ ಹೇಳಲೂ ಇಲ್ಲ. ಮಗುವಿನ ಎರಡೂ ಕಣ್ಣು ಹೋಯಿತು. ಕೇಸು ನಡೆದು ನಡೆದು 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟು ಹೊತ್ತಿಗೆ ಆ ಹುಡುಗಿಗೆ 18 ದಾಟಿತ್ತು. ಈ ಪರೀಕ್ಷೆ ಮಾಡುವುದು ಆಸ್ಪತ್ರೆಯ ಕರ್ತವ್ಯ, ನಮಗೆ ಮಾಡುವ ಉಪಕಾರ ಅಲ್ಲ.

ಸುರತ್ಕಲ್ ಸೀದಾಸಾದಾ · ಗುರುವಾರ, ಮಧ್ಯಾಹ್ನ 2.10

ಸರಿ ಮಾರಾಯ್ರೆ, ಎಲ್ಲರೂ ಒಟ್ಟಿಗೆ ಬೀಳಬೇಡಿ. ಬೇಗ ಹುಟ್ಟಿದ ಮಗುವಿಗೆ ಬೇಕು ಅಂತ ಒಪ್ಪಿಕೊಂಡೆ. ಆದರೆ ಮೊಮ್ಮಗಳು ಒಂಬತ್ತು ತಿಂಗಳು ತುಂಬಿಯೇ ಹುಟ್ಟಿದ್ದು, 3 ಕಿಲೋ. ಅವಳಿಗೂ ರೆಟಿನಾದ ಫೋಟೋ ತೆಗೆಯುತ್ತೇವೆ, ಇಷ್ಟು ಸಾವಿರ ಅಂತ ಒಂದು ಕಡೆ ಹೇಳಿದರು. ನಾನು ಬಿಲ್ಲು ಅಂದದ್ದು ಅದಕ್ಕೆ. ಅದೂ ಬೇಕಾ?

ಕನ್ನಡಕ ಮಾಸ್ತರ, ಉಡುಪಿ · ಗುರುವಾರ, ಸಂಜೆ 5.45

ಇದು ಒಳ್ಳೆಯ ಪ್ರಶ್ನೆ. ನಾನು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡುವವ, ಕಣ್ಣಿನ ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ ದುಬಾರಿ ಕ್ಯಾಮೆರಾ ಕಡ್ಡಾಯ ಅಲ್ಲ. ಬೇಕೇ ಬೇಕಾದ್ದು ರೆಡ್ ರಿಫ್ಲೆಕ್ಸ್ ಪರೀಕ್ಷೆ. ಕೋಣೆಯ ಲೈಟು ಕಡಿಮೆ ಮಾಡಿ, ಡಾಕ್ಟರು ಆಫ್ತಾಲ್ಮೋಸ್ಕೋಪ್ ಎಂಬ ಸಣ್ಣ ಟಾರ್ಚಿನಂತಹ ಸಾಧನದಿಂದ ಒಂದೂವರೆ ಅಡಿ ದೂರದಲ್ಲಿ ನಿಂತು ಮಗುವಿನ ಎರಡೂ ಪಾಪೆಗಳನ್ನು ಒಟ್ಟಿಗೆ ನೋಡುತ್ತಾರೆ. ಬೆಳಕು ರೆಟಿನಾಕ್ಕೆ ತಾಗಿ ಕೆಂಪು ಅಥವಾ ಕಿತ್ತಳೆ ಬಣ್ಣವಾಗಿ ವಾಪಸ್ ಬರುತ್ತದೆ. ಎರಡೂ ಕಣ್ಣಲ್ಲಿ ಒಂದೇ ತರ ಇರಬೇಕು. ಒಂದರಲ್ಲಿ ಮಂಕು, ಕಪ್ಪು ಕಲೆ, ಅಥವಾ ಬಿಳಿ ಕಂಡರೆ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಮಗು ಕಣ್ಣು ಬಿಟ್ಟರೆ ಒಂದು ನಿಮಿಷದ ಕೆಲಸ, ನೋವಿಲ್ಲ. ಕಣ್ಣು ಬಿಡುವುದೇ ಇಲ್ಲ ಅನ್ನುವುದು ಬೇರೆ ಮಾತು! ಡಿಸ್ಚಾರ್ಜ್ ಆಗುವ ಮೊದಲು "ಕಣ್ಣಿಗೆ ಲೈಟು ಹಾಕಿ ನೋಡಿದಿರಾ ಡಾಕ್ಟ್ರೇ" ಅಂತ ಕೇಳಿ. ಕಿವಿ ಕೇಳುತ್ತದಾ ಅಂತ ಒಎಇ ಪರೀಕ್ಷೆ ಮಾಡಿಸಿದ್ದು ನಮ್ಮ ಕಡೆ ಎಲ್ಲರಿಗೂ ನೆನಪಿರುತ್ತದೆ. ಕಣ್ಣಿನದ್ದು ಮಾಡಿದರೋ ಇಲ್ಲವೋ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ.

ಮುಖ್ಯವಾಗಿ ಇದರಲ್ಲಿ ಸಿಗುವುದು ಹುಟ್ಟಿನಿಂದಲೇ ಇರುವ ಪೊರೆ. ಪೊರೆ ಅಂದರೆ ಅಜ್ಜ ಅಜ್ಜಿಗೆ ಮಾತ್ರ ಬರುವುದು ಅಂತ ಜನರ ಲೆಕ್ಕ. ಮಕ್ಕಳ ಪೊರೆಗೂ ಅವರ ಪೊರೆಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಅಜ್ಜನ ಪೊರೆ ಆರು ತಿಂಗಳು ತಡವಾಗಿ ತೆಗೆದರೂ ದೃಷ್ಟಿ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಮಗುವಿನ ಮಿದುಳು ನೋಡಲು ಕಲಿಯುವುದೇ ಮೊದಲ ತಿಂಗಳುಗಳಲ್ಲಿ. ಆಗ ಚಿತ್ರ ಒಳಗೆ ಹೋಗದಿದ್ದರೆ ಆಮೇಲೆ ಪೊರೆ ತೆಗೆದರೂ ಪೂರ್ತಿ ದೃಷ್ಟಿ ಬರುವುದಿಲ್ಲ. ಒಂದೇ ಕಣ್ಣಿಗೆ ದಟ್ಟ ಪೊರೆ ಇದ್ದರೆ ಆರರಿಂದ ಎಂಟು ವಾರದೊಳಗೆ ಆಪರೇಷನ್ ಆದರೆ ಒಳ್ಳೆಯದು. ಆಮೇಲೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವುದು, ಅದೆಲ್ಲ ವರ್ಷಗಟ್ಟಲೆ ಉಂಟು. ಈ ಪೊರೆಗೆ ಒಂದು ಕಾರಣ ಗರ್ಭಿಣಿಗೆ ಬರುವ ರುಬೆಲ್ಲಾ. ಅದನ್ನು ತಡೆಯುವ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಅಭಿಯಾನ 2017ರಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಶಾಲೆಯಲ್ಲಿ ಮಕ್ಕಳಿಗೆ ಚುಚ್ಚಿದ್ದಕ್ಕೆ ಆಗ ವಾಟ್ಸಾಪಿನಲ್ಲಿ ಎಷ್ಟು ಗಲಾಟೆ!

ಇನ್ನು ಕ್ಯಾಮೆರಾ. ಸಹಜ ಹೆರಿಗೆಯಾದ ಎಷ್ಟೋ ಮಕ್ಕಳ ರೆಟಿನಾದಲ್ಲಿ ಸಣ್ಣ ರಕ್ತದ ಚುಕ್ಕೆಗಳಿರುತ್ತವೆ, ಮಗುವನ್ನು ಹೊರಗೆ ಎಳೆಯಲು ವ್ಯಾಕ್ಯೂಮ್ ಹಾಕಿದ್ದರೆ ಇನ್ನೂ ಜಾಸ್ತಿ. ಹೆಚ್ಚಿನವು ಕೆಲವು ವಾರದಲ್ಲಿ ತನ್ನಷ್ಟಕ್ಕೇ ಮಾಯ. ಎಲ್ಲ ಮಕ್ಕಳ ಫೋಟೋ ತೆಗೆದರೆ ಅದೂ ಕಾಣುತ್ತದೆ, ಮನೆಯವರಿಗೆ ನಿದ್ದೆ ಹೋಗುತ್ತದೆ. ಹಾಗಂತ ಫೋಟೋದಿಂದ ಏನೂ ಪ್ರಯೋಜನ ಇಲ್ಲ ಅನ್ನಲಾರೆ, ಅಪರೂಪಕ್ಕೆ ದೊಡ್ಡ ಕಾಯಿಲೆಯೂ ಸಿಗುತ್ತದೆ. ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಕಣ್ಣಿನ ಕ್ಯಾನ್ಸರ್, ಪೊರೆ, ಗ್ಲಾಕೋಮಾ (ಕಣ್ಣೊಳಗಿನ ಒತ್ತಡದ ಕಾಯಿಲೆ) ಇದ್ದಿದ್ದರೆ ದುಡ್ಡು ನೋಡಬೇಡಿ, ಪೂರ್ತಿ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ರೆಡ್ ರಿಫ್ಲೆಕ್ಸ್ ಆಗಿದೆಯಾ ಅಂತ ಖಚಿತ ಮಾಡಿಕೊಂಡು ಉಳಿದದ್ದು ನಿಮ್ಮ ಇಷ್ಟ.

ಮಣಿಪಾಲ ಮಾಮಿ · ಗುರುವಾರ, ರಾತ್ರಿ 8.20

ಫೋಟೋ ಅಂದಾಗ ಕೇಳುತ್ತೇನೆ, ಮೊಬೈಲ್ ಫ್ಲಾಶ್‌ನಲ್ಲಿ ಮಗುವಿನ ಒಂದು ಕಣ್ಣು ಬೆಳ್ಳಗೆ ಬಂದರೆ ಕ್ಯಾನ್ಸರ್ ಅಂತ ಒಂದು ಫಾರ್ವರ್ಡ್ ಬರುತ್ತಾ ಇರುತ್ತದೆ. ನಿಜವಾ? ನಾದಿನಿ ಮಗುವಿನ ತೊಟ್ಟಿಲಿನ ಫೋಟೋ ನೋಡಿ ಎಲ್ಲರೂ ಹೆದರಿ ಕೂತಿದ್ದಾರೆ.

ಕನ್ನಡಕ ಮಾಸ್ತರ, ಉಡುಪಿ · ಗುರುವಾರ, ರಾತ್ರಿ 9.05

ಅರ್ಧ ನಿಜ ಮಾಮಿ. ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಹಾಗೆ ಕಾಣಬಹುದು. 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಪೊರೆಯೂ ಹಾಗೆ ಕಾಣಬಹುದು. ಮಗು ಓರೆಯಾಗಿ ನೋಡುವಾಗ ಬೆಳಕು ಕಣ್ಣಿನ ನರಕ್ಕೆ ತಾಗಿದರೂ ಬಿಳಿ ಬರುತ್ತದೆ, ಅದು ಕಾಯಿಲೆ ಅಲ್ಲ. ಯಾವುದು ಅಂತ ಫೋಟೋ ನೋಡಿ ನಾನು ಹೇಳುವುದಿಲ್ಲ, ಯಾರೂ ಹೇಳಬಾರದು. ಈ ವಾರದಲ್ಲೇ ಪಾಪೆ ಹಿಗ್ಗಿಸಿ ನೋಡುವ ಕಣ್ಣಿನ ಡಾಕ್ಟರಿಗೆ ತೋರಿಸಿ. ಹೋಗುವಾಗ ಆ ಫೋಟೋ ಅಳಿಸಬೇಡಿ, ತೋರಿಸಲು ಬೇಕು. ಕ್ಯಾನ್ಸರ್ ಆಗಿದ್ದರೂ ಬೇಗ ಸಿಕ್ಕಿದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.

ಇನ್ನೊಂದು ಇಲ್ಲೇ ಹೇಳಿಬಿಡುತ್ತೇನೆ. "ಎಷ್ಟು ದೊಡ್ಡ ಕಣ್ಣು, ಚಂದ" ಅಂತ ಎಲ್ಲರೂ ಹೊಗಳುತ್ತಾರಲ್ಲ, ಆ ಮಗು ಬೆಳಕಿಗೆ ಕಣ್ಣು ಬಿಡದೆ ಮುಖ ತಿರುಗಿಸುತ್ತಿದ್ದರೆ, ನೀರು ಸುರಿಯುತ್ತಿದ್ದರೆ, ಕಪ್ಪು ಭಾಗ ಮಸುಕಾಗಿದ್ದರೆ ಅದು ಹುಟ್ಟಿನ ಗ್ಲಾಕೋಮಾ ಇರಬಹುದು. ಒಳಗಿನ ಒತ್ತಡಕ್ಕೆ ಕಣ್ಣು ಹಿಗ್ಗುವುದು. ತಡ ಮಾಡುವ ವಿಷಯ ಅಲ್ಲ.

ನಿರ್ವಾಹಕರು · ಗುರುವಾರ, ರಾತ್ರಿ 9.30

ಮಗುವಿನ ಕಣ್ಣಿಗೆ ಹರಳೆಣ್ಣೆ ಮತ್ತು ಎದೆಹಾಲು ಬಿಡಲು ಹೇಳಿದ ಎರಡು ಕಮೆಂಟ್ ತೆಗೆದಿದ್ದೇವೆ. ಕಾಡಿಗೆ ಒಳರೆಪ್ಪೆಗೆ ಹಚ್ಚುವ ಬಗ್ಗೆ ನಡೆದ ಜಗಳವನ್ನೂ. ಕಣ್ಣಿಗೆ ಡಾಕ್ಟರು ಕೊಟ್ಟ ಮದ್ದು ಬಿಟ್ಟು ಬೇರೆ ಏನೂ ಬೇಡ. ದೃಷ್ಟಿಬೊಟ್ಟು ಕೆನ್ನೆಗೆ ಇಟ್ಟರೆ ಯಾರಿಗೂ ತಕರಾರಿಲ್ಲ.

ಬ್ರಹ್ಮಾವರ ಆಶಾ · ಶುಕ್ರವಾರ, ಬೆಳಿಗ್ಗೆ 7.15

ನಾನು ಆಶಾ ಕಾರ್ಯಕರ್ತೆ. ನಮ್ಮ ಕಷ್ಟವನ್ನೂ ಕೇಳಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ನಾವು 3, 7, 14, 21, 28, 42ನೇ ದಿನಕ್ಕೆ ಹೋಗಬೇಕು. ಹೆಸರು ಇರುವುದು ಗಂಡನ ಮನೆಯ ಊರಿನಲ್ಲಿ, ಬಾಣಂತಿ ಇರುವುದು ತವರಲ್ಲಿ. ನಾನು ಇಲ್ಲಿ ಹೋಗಿ ಬಾಗಿಲು ತಟ್ಟಿದರೆ ಅತ್ತೆ ಮಾತ್ರ ಇರುತ್ತಾರೆ. ತವರಿನ ಆಶಾಗೆ ಮಗು ಬಂದದ್ದೇ ಗೊತ್ತಿರುವುದಿಲ್ಲ. ಫೋನ್ ನಂಬರ್ ನೋಡಿದರೆ ಮುಂಬೈಯದ್ದೋ ದುಬೈಯದ್ದೋ.

ಅದಕ್ಕೇ ಕೇಳಿಕೊಳ್ಳುವುದು, ತವರಿಗೆ ಹೋದ ಕೂಡಲೇ ಅಲ್ಲಿನ ಆಶಾಗೆ ತಾಯಿ ಕಾರ್ಡ್ ತೋರಿಸಿ. ಎನ್‌ಐಸಿಯುನಲ್ಲಿ ಇತ್ತು ಅಂತ ಬಾಯಿಬಿಟ್ಟು ಹೇಳಿ. ಕೆಲವರು ಮುಚ್ಚಿಡುತ್ತಾರೆ, ಹೆಣ್ಣುಮಗು ಆದರೆ ಇನ್ನೂ ಜಾಸ್ತಿ. ದುಡ್ಡಿನ ವಿಷಯಕ್ಕೂ ನಮ್ಮ ಹತ್ತಿರ ಕೇಳಬಹುದು. 2013ರಿಂದ ಆರ್‌ಬಿಎಸ್‌ಕೆ ಅಂತ ಕಾರ್ಯಕ್ರಮ ಉಂಟು, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅದರ ಪಟ್ಟಿಯಲ್ಲಿ ಹುಟ್ಟಿನ ಪೊರೆಯೂ ಉಂಟು, ಆರ್‌ಒಪಿಯೂ ಉಂಟು. ಮಂಗಳೂರಿನವರು ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ ಬಗ್ಗೆ ವಿಚಾರಿಸಿ.

ರಾತ್ರಿಪಾಳಿ ಸಿಸ್ಟರ್ · ಶುಕ್ರವಾರ, ಬೆಳಿಗ್ಗೆ 8.40

ಆಶಾ ಅಕ್ಕ ಹೇಳಿದ್ದು ನೂರಕ್ಕೆ ನೂರು. ಇದರಲ್ಲಿ ನಮ್ಮ ಆಸ್ಪತ್ರೆಗಳವರ ಪಾಲೂ ಉಂಟು. ಡಿಸ್ಚಾರ್ಜ್ ದಿನ ಅಮ್ಮನಿಗೆ ಹಾಲು, ಔಷಧಿ, ತೂಕ, ಬಿಲ್ಲು ಎಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಆರ್‌ಒಪಿ ಅಂತ ಮೂರಕ್ಷರ ಬರೆದರೆ ಯಾರಿಗೆ ಅರ್ಥ ಆಗಬೇಕು? "ಈ ತಾರೀಕಿಗೆ ಕಣ್ಣು ತೋರಿಸದಿದ್ದರೆ ಮಗುವಿಗೆ ಕುರುಡು ಬರಬಹುದು" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ಅದನ್ನು ಹೇಳಬೇಕಾದ್ದು ಮನೆಯಲ್ಲಿ ತೀರ್ಮಾನ ಮಾಡುವವರಿಗೆ. ನಮ್ಮ ಕಡೆ ಬಾಣಂತನದಲ್ಲಿ ತೀರ್ಮಾನ ಮಾಡುವುದು ಅಜ್ಜಿ. ಆದರೆ ಅಜ್ಜಿಯನ್ನು ಎನ್‌ಐಸಿಯು ಒಳಗೇ ಬಿಡುವುದಿಲ್ಲ ನಾವು!

ಕಣ್ಣಿನ ಡಾಕ್ಟರು ಬಾರದ ಊರಲ್ಲಿ ಏನು ಗತಿ ಅಂತ ಒಬ್ಬರು ಮೆಸೇಜ್ ಮಾಡಿ ಕೇಳಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಅಂತ ಶುರು ಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹಿಡಿದುಕೊಂಡು ಜಿಲ್ಲೆಯ ಎನ್‌ಐಸಿಯುಗಳಿಗೇ ಹೋಗಿ ರೆಟಿನಾದ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಬೇರೆ ಜಿಲ್ಲೆಗಳ ಜನ ಅದನ್ನು ಬಳಸಿಕೊಂಡಿದ್ದಾರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳು ಇರುವುದರಿಂದ ಡಾಕ್ಟರಿಗೆ ಬರ ಇಲ್ಲ. ಇಷ್ಟೆಲ್ಲ ಇದ್ದೂ ಮಗು 45ನೇ ದಿನಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ.

ಪಡುಬಿದ್ರಿ ಅಕ್ಕ · ಸೋಮವಾರ, ರಾತ್ರಿ 8.30

ಹೋಗಿ ಬಂದೆವು. ಅಮ್ಮನೂ ಬಂದರು, ಉಳ್ಳಾಲದ ಅಕ್ಕನ ಉಪಾಯವೇ. ಕಾರಿನಲ್ಲಿ ಮುಲ್ಕಿ ದಾಟುವವರೆಗೂ ಮುಖ ಗಂಟು ಹಾಕಿಕೊಂಡೇ ಇದ್ದರು. ಡಾಕ್ಟರು ಪರೀಕ್ಷೆ ಮುಗಿಸಿ ಒಂದು ಚೀಟಿಯಲ್ಲಿ ಎರಡು ವೃತ್ತ ಬರೆದು ರಕ್ತನಾಳ ಎಲ್ಲಿಯವರೆಗೆ ಬಂದಿದೆ ಅಂತ ಅಮ್ಮನಿಗೆ ಗೆರೆ ಎಳೆದು ತೋರಿಸಿದರು. ಎರಡೂ ಕಣ್ಣಲ್ಲಿ ಒಂದನೇ ಹಂತ. ಈಗ ಚಿಕಿತ್ಸೆ ಬೇಡ, ಎರಡು ವಾರ ಬಿಟ್ಟು ಮತ್ತೆ ನೋಡಬೇಕು ಅಂದರು. ನಾಳಗಳು ಅಂಚು ಮುಟ್ಟಿದವು ಅಂತ ಅವರೇ ಹೇಳುವವರೆಗೆ ಬರುತ್ತಾ ಇರಬೇಕಂತೆ. ಕಣ್ಣು ಸ್ವಲ್ಪ ಕೆಂಪಾಗಿದೆ. ಅದು ಸರಿಯಾಗುತ್ತದಲ್ಲ?

ಕುಂದಾಪ್ರದ ಅಪ್ಪ · ಸೋಮವಾರ, ರಾತ್ರಿ 8.50

ಒತ್ತಿದ್ದರಿಂದ ಕೆಂಪು. ನಮ್ಮವಳಿಗೂ ಇತ್ತು, ಒಂದೆರಡು ದಿನದಲ್ಲಿ ಇಳಿಯಿತು. ಕೀವು ಬಂದರೆ, ರೆಪ್ಪೆ ಊದಿದರೆ ಫೋನ್ ಮಾಡಿ. ಮುಂದಿನ ಸಲ ಹೋಗುವಾಗ ಆ ವೃತ್ತದ ಚೀಟಿ ಮರೆಯಬೇಡಿ. ಬೇರೆ ಡಾಕ್ಟರು ಇದ್ದರೆ ಹೋಲಿಸಿ ನೋಡಲು ಅದೇ ಬೇಕು. ಪರೀಕ್ಷೆಗೆ ಒಂದು ಗಂಟೆ ಮೊದಲು ಹಾಲು ಕೊಟ್ಟು ಮುಗಿಸಿ. ತಕ್ಷಣ ಕುಡಿಸಿದರೆ ಅಳುವಾಗ ಕಕ್ಕುತ್ತದೆ.

ಆರ್‌ಒಪಿ ಇಳಿಯಿತು ಅಂದ ಮೇಲೂ ಬಿಡಬೇಡಿ. ಬೇಗ ಹುಟ್ಟಿದ ಮಕ್ಕಳಿಗೆ ದೂರದೃಷ್ಟಿ ಮಂದ ಆಗುವುದು, ಮೆಳ್ಳೆಗಣ್ಣು ಎಲ್ಲ ಜಾಸ್ತಿ. ವರ್ಷಕ್ಕೊಮ್ಮೆ ತೋರಿಸಲು ನಮಗೆ ಹೇಳಿದ್ದಾರೆ.

ಸುರತ್ಕಲ್ ಸೀದಾಸಾದಾ · ಸೋಮವಾರ, ರಾತ್ರಿ 9.25

ಮಗು ಚೆನ್ನಾಗಿರಲಿ ತಂಗಿ. ಮೊಮ್ಮಗಳ ಆಸ್ಪತ್ರೆಗೆ ಫೋನ್ ಮಾಡಿ ಕಣ್ಣಿಗೆ ಲೈಟು ಹಾಕಿ ನೋಡಿದ್ದೀರಾ ಕೇಳಿದೆ. ಫೈಲು ನೋಡಿ ಹೇಳುತ್ತೇವೆ ಅಂದವರು ಮತ್ತೆ ಫೋನ್ ಮಾಡಲಿಲ್ಲ. ನಾಡಿದ್ದು ಒಂದೂವರೆ ತಿಂಗಳ ಇಂಜೆಕ್ಷನ್, ಆಗ ಮಕ್ಕಳ ಡಾಕ್ಟರ ಹತ್ತಿರ ಮಾಡಿಸುತ್ತೇನೆ. ಫೋಟೋ ಪ್ಯಾಕೇಜ್ ಬೇಡ ಅಂದೆ. ಅದರಲ್ಲಿ ಮಾತ್ರ ನಾನು ಸೋಲಲಿಲ್ಲ.

ಕಾರ್ಕಳ ಹೊಸಬ · ಸೋಮವಾರ, ರಾತ್ರಿ 11.10

ಇಡೀ ಚರ್ಚೆ ಓದಿದೆ. ನಮ್ಮ ಮಗು 35 ವಾರ, 2,100 ಗ್ರಾಂ. ಉಸಿರಾಟದ ತೊಂದರೆ ಅಂತ ಆಕ್ಸಿಜನ್ ಕೊಟ್ಟಿದ್ದರು, ಸೋಂಕು ಅಂತ ಆಂಟಿಬಯೋಟಿಕ್ ಕೂಡ. ಇವತ್ತಿಗೆ 22 ದಿನ. ಕಣ್ಣಿನ ಬಗ್ಗೆ ಹಾಳೆಯಲ್ಲಿ ಏನೂ ಬರೆದಿಲ್ಲ. ನಮಗೆ ಬೇಡವಾ?

ರಾತ್ರಿಪಾಳಿ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 5.55

ಬೇಕು ತಮ್ಮ. 34 ವಾರಕ್ಕಿಂತ ಕಡಿಮೆ ಅಥವಾ 2,000 ಗ್ರಾಂಗಿಂತ ಕಡಿಮೆ ಇರುವ ಎಲ್ಲ ಮಕ್ಕಳಿಗೂ ಮಾಡುತ್ತೇವೆ. 34ರಿಂದ 36 ವಾರದವರಿಗೆ ಆಕ್ಸಿಜನ್, ಉಸಿರಾಟದ ತೊಂದರೆ, ಸೋಂಕು ಇದ್ದಿದ್ದರೆ ಮಾಡುತ್ತೇವೆ. ನಿಮ್ಮ ಮಗುವಿಗೆ ಮೂರೂ ಇತ್ತಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ 1,500 ಗ್ರಾಂ, 30 ವಾರದವರೆಗಿನವರನ್ನು ನೋಡುತ್ತಾರೆ. ನಮ್ಮ ದೇಶದಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಿಗೂ ಜೋರಾಗಿ ಬಂದದ್ದು ಕಂಡಿದ್ದಕ್ಕೆ ಇಲ್ಲಿ ಗೆರೆ ಮೇಲೆ ಹಾಕಿದ್ದು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ನೀವಿದ್ದ ಎನ್‌ಐಸಿಯುಗೇ ಫೋನ್ ಮಾಡಿ, ಓಪಿಡಿಗೆ ಬೇಡ. ವಾರ, ತೂಕ, ಆಕ್ಸಿಜನ್ ಕೊಟ್ಟದ್ದು ಹೇಳಿ, ಕಣ್ಣಿನ ಡಾಕ್ಟರು ಯಾವ ದಿನ ಬರುತ್ತಾರೆ ಕೇಳಿ. ಈ ವಾರ ಆಗುವುದಿಲ್ಲ ಅಂದರೆ ಬೇರೆ ಆಸ್ಪತ್ರೆಯ ರೆಟಿನಾ ವಿಭಾಗಕ್ಕೆ ಕೇಳಿ. ಜೊತೆಗೆ ಮಗು ಈಗ ಇರುವ ಮನೆಯ ನಂಬರನ್ನೂ ಬರೆಸಿ.